ಕೆರೆದಂಡೆಯ ಕೆಸು

ಮೊನ್ನೆ ಮಂಗಳೂರಿನ ಮಾರ್ಕೆಟಿನಿಂದ ತಂದ ಕೆಸುವಿನ ಎಲೆಯ ಕಟ್ಟು ಬಿಚ್ಚಿದೆ. ಆ ಹಸಿ ವಾಸನೆಗೆ ದೋಹಾದ ಅಕ್ಕ ನೆನಪಾದರು. ತೊಂಬತ್ತರ ದಶಕದಲ್ಲಿ, ಅಲ್ ಅಜೀಜಿಯಾದಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದವರು. ಉಡುಪಿ ಕಡೆಯವರು.

ಅವರ ಗಂಡನನ್ನು ನಾನು ಭಾವ ಎನ್ನುತ್ತಿದ್ದೆ. ನೀರಿನ ಟ್ಯಾಂಕರ್ ಕಂಪೆನಿಯಲ್ಲಿ ಫೋರ್‌ಮನ್. ಊರ ಹೊರಗಿನ ತಗ್ಗಿನಲ್ಲಿ ಡ್ರೈನೇಜ್ ನೀರನ್ನು ಶುದ್ಧ ಮಾಡಿ ಬಿಟ್ಟು ಬಿಟ್ಟು ಒಂದು ಕೆರೆಯೇ ಆಗಿತ್ತು. ಸುತ್ತ ಕಣ್ಣು ಹಾಯುವಷ್ಟು ಬಿಳಿಮಣ್ಣು, ಕಲ್ಲು. ನಡುವೆ ಆಳೆತ್ತರದ ಜೊಂಡು, ನೀರುಕೋಳಿ, ಬೆಳ್ಳಕ್ಕಿ. ರಸ್ತೆಬದಿಯ ಗಿಡಗಳಿಗೆ ಭಾವನ ಟ್ಯಾಂಕರುಗಳು ಅಲ್ಲಿಂದಲೇ ನೀರು ಒಯ್ಯುತ್ತಿದ್ದವು. ಊರಿನಿಂದ ತಂದ ಕೆಸುವಿನ ಗೆಡ್ಡೆಯನ್ನು ಅವರು ಆ ಜೊಂಡಿನ ನೆರಳಲ್ಲಿ ಊರಿದರು. ಶುಕ್ರವಾರದ ರಜೆಯಲ್ಲಿ ನಾವೆಲ್ಲ ಹೋಗಿ ಅದನ್ನು ನೋಡಿ ಬರುವುದು! "ಈ ಸಲ ಆಟಿ ತಿಂಗಳಿಗೆ ನಮ್ಮದೇ ಎಲೆಯ ಪತ್ರೊಡೆ," ಎನ್ನುತ್ತಿದ್ದರು ಭಾವ. ಕೆಸುವಿನೆಲೆಗೆ ಹಿಟ್ಟು ಸವರಿ, ಸುತ್ತಿ ಬೇಯಿಸುವ ಪತ್ರೊಡೆ ಎಂದರೆ ಅವರಿಗೆ ಪ್ರಾಣ.

"ಡ್ರೈನೇಜ್ ಪತ್ರೊಡೆ ನನಗೆ ಬೇಡಪ್ಪ," ಎಂದು ನಾನು ಮೂಗು ಮುಚ್ಚಿದೆ.

"ನಿಂಗೆ ಕೊಡುದು ಯಾರು ಮಾರಾಯ್ತಿ?" ಎಂದರು ಅಕ್ಕ. "ನನ್ನ ಪತ್ರೊಡೆ ತಿಂದು ಗಂಟಲು ತುರಿಸ್ತದೆ ಅಂತ ಒಬ್ರಾದ್ರೂ ಹೇಳಿದ್ದುಂಟಾ?"

ಇಲ್ಲ. ಹುಣಸೆಹುಳಿ ಹಾಕಿ ಕೆಸುವಿನ ತುರಿಕೆ ಕಳೆಯುವುದರಲ್ಲಿ ಅವರನ್ನು ಮೀರಿಸಿದವರಿರಲಿಲ್ಲ.

ಊರಿನಲ್ಲಿ ಆಟಿಯ ಮಳೆ ಹಿಡಿಯುವ ಮೊದಲೇ ಭಾವ ಹೋದರು. ಕೆಲಸದ ಜಾಗದಲ್ಲೇ ಎದೆನೋವು... ಅಕ್ಕ ಶವದ ಜೊತೆ ಊರಿಗೆ ಹೋಗಿ, ಬೊಜ್ಜದ ಕ್ರಿಯೆ ಮುಗಿಸಿ, ಮನೆ ಖಾಲಿ ಮಾಡಲು ಒಬ್ಬರೇ ವಾಪಸು ಬಂದರು. ಅಳಲಿಲ್ಲ. ಪಾತ್ರೆ ಕೇಳಿದವರಿಗೆ ಪಾತ್ರೆ ಕೊಟ್ಟರು, ಫ್ಯಾನ್ ಕೇಳಿದವರಿಗೆ ಫ್ಯಾನ್. ಹೊರಡುವ ಮೊದಲಿನ ಶುಕ್ರವಾರ, "ಎಲೆ ಕೊಯ್ಲಿಕ್ಕುಂಟು," ಎಂದರು. ನನ್ನ ಗಂಡ ಕಾರು ತೆಗೆದರು. ಬೆಂಕಿಯಂಥ ಬಿಸಿಲು. ಕೆಸು ಸೊಂಟದೆತ್ತರ ಬೆಳೆದಿತ್ತು. ಅಕ್ಕ ಕೊಯ್ದು ಕಟ್ಟಿಕೊಂಡರು, ಕೆರೆಯ ಕಡೆ ನೋಡಲೂ ಇಲ್ಲ.

ನಮ್ಮ ಅಡುಗೆಮನೆಯಲ್ಲೇ ಪತ್ರೊಡೆ ಮಾಡಿದರು. ಬಾಯಿಗಿಟ್ಟ ಕೂಡಲೇ ಗೊತ್ತಾಯಿತು... ಹುಣಸೆ ಹಾಕಿಲ್ಲ. ಗಂಟಲಿಡೀ ಸೂಜಿ ಚುಚ್ಚಿದಂತೆ. ನನ್ನ ಗಂಡನ ಕಣ್ಣಲ್ಲಿ ನೀರು ಬಂತು.

"ಹೇಗುಂಟು?" ಎಂದರು ಅಕ್ಕ.

"ಲಾಯ್ಕ ಉಂಟಕ್ಕ."

ಎದುರು ಕುಳಿತು ಅವರೂ ತಿಂದರು, ಒಂದಾದ ಮೇಲೊಂದು ತುಂಡು. ಒಮ್ಮೆಯೂ ಕೆಮ್ಮಲಿಲ್ಲ, ನೀರು ಕೇಳಲಿಲ್ಲ. ನನಗೆ ಆಗ ಹೆದರಿಕೆಯಾಯಿತು. ಭಾವ ಸತ್ತ ದಿನವೂ ಅಷ್ಟು ಹೆದರಿರಲಿಲ್ಲ.

ಆ ಕೆರೆಯನ್ನು ಈಗ ಬತ್ತಿಸಿದ್ದಾರಂತೆ. ಅಕ್ಕನೂ ತೀರಿಹೋಗಿ ವರ್ಷಗಳಾದವು. ಮೊನ್ನೆ ಹಿಟ್ಟು ಕಲಸುತ್ತಿದ್ದಾಗ ಗಂಡ ಬಾಗಿಲಲ್ಲಿ ನಿಂತು ಕೇಳಿದರು, "ಹುಳಿ ಹಾಕಿದ್ದೀಯಲ್ಲ?"

"ಹಾಕಿದ್ದೇನೆ," ಎಂದೆ. ಅವರು ಒಳಗೆ ಬಂದು, ಬೆರಳಲ್ಲಿ ಚೂರು ಹಿಟ್ಟು ತೆಗೆದು ನಾಲಗೆಗಿಟ್ಟು ನೋಡಿದರು.