ಬಾಂಗಿನ ಹೊತ್ತಿಗೆ ಆರುವ ಕಂಪ್ಯೂಟರು

ಬೆಳಗಿನ ಜಾವ ನಾಲ್ಕೂಕಾಲು. ಕ್ಲಾತೆನ್ ಪಟ್ಟಣದ ಅಂಚಿನಲ್ಲಿರುವ ಕಾರ್ಸಿನೆಮ್ ಅಜ್ಜಿಯ ಮನೆಯಲ್ಲಿ ರಿಪೇರಿಯ ವಾಗಿಯೊ ಕಂಪ್ಯೂಟರಿನ ಮುಂದೆ ಕೈಕಟ್ಟಿ ಕೂತಿದ್ದಾರೆ. ಅವರು ಬಂದು ಅರ್ಧ ಗಂಟೆಯಾದರೂ ಸ್ಕ್ರೂಡ್ರೈವರ್ ಚೀಲ ಬಿಟ್ಟು ಹೊರಬಂದಿಲ್ಲ. ಪಕ್ಕದ ಪುಟ್ಟ ಮಸೀದಿಯಲ್ಲಿ ಬಾಂಗು ಶುರುವಾಗುತ್ತದೆ, ಮುಗಿಯುತ್ತದೆ. ಆಮೇಲೆ ಅದೇ ಮೈಕಿನಲ್ಲಿ ಸ್ತುತಿಯ ಹಾಡು. ಹಾಡು ಎರಡನೇ ಸಾಲಿಗೆ ಬರುವಷ್ಟರಲ್ಲಿ ಪರದೆ ಪಕ್ಕನೆ ಕಪ್ಪಾಗಿ, ಬೀಪ್ ಎಂದು ಸದ್ದು ಮಾಡಿ, ತನಗೇನೂ ಗೊತ್ತೇ ಇಲ್ಲ ಎನ್ನುವ ಹಾಗೆ ಮೊದಲಿನಿಂದ ಶುರುವಾಗುತ್ತದೆ.

“ನೋಡಿದ್ರಾ ಮಾಸ್? ದಿನಾ ಇದೇ ಗೋಳು!” ಎನ್ನುತ್ತಾಳೆ ಮೊಮ್ಮಗಳು ಸೆಕಾರ್. ಇಲ್ಲಿಯವರ ಮಾತಿನಲ್ಲಿ ಮಾಸ್ ಎಂದರೆ ಅಣ್ಣ.

“ನಾನು ಕಂಪ್ಯೂಟರ್ ನೋಡ್ಲಿಲ್ಲಮ್ಮ, ಬಲ್ಬ್ ನೋಡ್ದೆ. ಅದೂ ಒಂದ್ಸಲ ಮಂಕಾಯ್ತು.”

ಇವತ್ತು ಬೆಳಿಗ್ಗೆ ಹನ್ನೊಂದಕ್ಕೆ ಸೆಕಾರ್‌ಗೆ ಪರೀಕ್ಷೆ. ಸ್ಕಾಲರ್‌ಶಿಪ್ಪಿನ ಕೊನೆಯ ಸುತ್ತು, ಎರಡು ಗಂಟೆ. ಮನೆಯಲ್ಲೇ, ಕ್ಯಾಮೆರಾದ ಮುಂದೆ ಒಬ್ಬಳೇ ಕೂತು ಬರೆಯಬೇಕು. ನಡುವೆ ಸಂಪರ್ಕ ಕಡಿದರೆ ಮತ್ತೆ ಒಳಗೆ ಬಿಡುವುದಿಲ್ಲ. ಇಲ್ಲಿ ಹನ್ನೊಂದೂಮುಕ್ಕಾಲಿಗೇ ಮಧ್ಯಾಹ್ನದ ಬಾಂಗು. ಹುಡುಗಿ ಮೂರು ದಿನದಿಂದ ಸರಿಯಾಗಿ ಉಂಡಿಲ್ಲ.

ಈ ಮೊದಲು ಬಂದ ಇಬ್ಬರಲ್ಲಿ ಒಬ್ಬ ಮೆಮೊರಿ ಬದಲಿಸಿದ, ಇನ್ನೊಬ್ಬ ಎಲ್ಲವನ್ನೂ ಅಳಿಸಿ ಹೊಸದಾಗಿ ವಿಂಡೋಸ್ ತುಂಬಿದ. ರೋಗ ಮಾತ್ರ ಜಗ್ಗಲಿಲ್ಲ. ಅಜ್ಜಿಗೆ ಅದರ ಬಗ್ಗೆ ಬೇರೆಯದೇ ಲೆಕ್ಕ. ಈ ಕಂಪ್ಯೂಟರ್ ತಂದವರು ಅಜ್ಜ. ಅವರು ತೀರಿಕೊಂಡ ಸಾವಿರನೇ ದಿನದ ಊಟ ಹಾಕಿಸಿದ ವಾರದಿಂದಲೇ ಇದು ಶುರುವಾದದ್ದು. “ನಮಾಜಿನ ಹೊತ್ತಲ್ಲಿ ಆಟ ಸಾಕು ಅಂತ ಅವರೇ ಆರಿಸ್ತಾರೆ,” ಎನ್ನುತ್ತಾರೆ.

ವಾಗಿಯೊ ನಗುವುದಿಲ್ಲ. ನಲವತ್ತೇಳು ವರ್ಷದ ಈ ಮನುಷ್ಯ ದಿನಕ್ಕೆ ಆರು ಮನೆ ಸುತ್ತುತ್ತಾರೆ, ಹಳೆಯ ಬೈಕಿನಲ್ಲಿ ನಲವತ್ತು ಕಿಲೋಮೀಟರ್. ಟಿವಿ ರಿಪೇರಿ ಅಂಗಡಿಯಲ್ಲಿ ಕಲಿತ ವಿದ್ಯೆ. ಬೆಸುಗೆಯ ಹೊಗೆ ತಿಂದು ಸಂಜೆಯಾದರೆ ಕಣ್ಣುರಿ. ಒಮ್ಮೆ ಒಬ್ಬ ಮೇಷ್ಟ್ರ ಮನೆಯಲ್ಲಿ ಅವಸರಕ್ಕೆ ಬಿದ್ದು ಒಳ್ಳೆಯ ಬಿಡಿಭಾಗವನ್ನೇ ಕಿತ್ತು ಹೊಸದು ಹಾಕಿದ್ದರು. ಮರುದಿನ ಅದೇ ಕಂಪ್ಯೂಟರ್ ಮತ್ತೆ ಆರಿ, ಮೇಷ್ಟ್ರ ಒಂದು ವರ್ಷದ ಬರವಣಿಗೆ ಮಣ್ಣುಪಾಲಾಯಿತು. “ಅವ್ರು ಬೈಲಿಲ್ಲ. ಟೀ ಕೊಟ್ಟು ಕಳಿಸಿದ್ರು. ಅದು ಇವತ್ತಿಗೂ ಚುಚ್ಚುತ್ತೆ,” ಎನ್ನುತ್ತಾರೆ. ಅಂದಿನಿಂದ ಅವರು ಬಿಚ್ಚುವ ಮೊದಲು ಕೂತು ನೋಡುತ್ತಾರೆ.

ಈಗ ಎದ್ದು ಗೋಡೆಯ ಪ್ಲಗ್ಗಿನ ಮೇಲೆ ಅಂಗೈ ಇಡುತ್ತಾರೆ. ಬಿಸಿ. ಅದರ ಹಿಂದಿನಿಂದ ಒಂದು ತೆಳು ವೈರು ಗೋಡೆ ತೂರಿ ಹೊರಗೆ ಹೋಗಿದೆ. ಟಾರ್ಚ್ ಹಿಡಿದು ಅದರ ಬೆನ್ನು ಹತ್ತಿದರೆ ಸಿಕ್ಕಿದ್ದು ನಮಾಜಿಗೆ ಮೊದಲು ಕೈಕಾಲು ಮುಖ ತೊಳೆಯುವ ಮಸೀದಿಯ ವುಜೂ ಕಟ್ಟೆಯ ಹಿಂದೆ ಗುರುಗುಟ್ಟುವ ನೀರಿನ ಪಂಪು. ಎಂಟು ನಲ್ಲಿಗಳಲ್ಲಿ ಯಾವುದನ್ನು ತಿರುಗಿಸಿದರೂ ತಾನಾಗಿ ಓಡುವ ಪಂಪು. ಮೈಕಿನ ಅಬ್ಬರದಲ್ಲಿ ಅದರ ಸದ್ದು ಮನೆಯವರಿಗೆ ಕೇಳಿದ್ದೇ ಇಲ್ಲ. ಸಾವಿರನೇ ದಿನಕ್ಕೆ ಅಜ್ಜನ ಹೆಸರಿನಲ್ಲಿ ಮಸೀದಿಗೆ ಕೊಟ್ಟ ದಾನ ಅದು. ಅವತ್ತಿನ ಗಡಿಬಿಡಿಯಲ್ಲಿ ನೆಂಟರೊಬ್ಬರು ಹತ್ತಿರ ಸಿಕ್ಕ ವೈರಿಗೇ ಜೋಡಿಸಿಬಿಟ್ಟಿದ್ದಾರೆ. ಪಂಪು ಎದ್ದಾಗಲೆಲ್ಲ ಕರೆಂಟು ಕುಸಿದು ಕಂಪ್ಯೂಟರ್ ಪ್ರಾಣ ಬಿಡುತ್ತಿದೆ.

“ಇವತ್ತೊಂದಿನ ಹನ್ನೊಂದರಿಂದ ಒಂದರ ತನಕ ಪಂಪು ನಿಲ್ಲಿಸೋಣ ಸಿಂಬಾಹ್,” ಎನ್ನುತ್ತಾರೆ ವಾಗಿಯೊ. ಇಲ್ಲಿ ಅಜ್ಜಿಯನ್ನು ಕರೆಯುವುದೇ ಹಾಗೆ.

ಅಜ್ಜಿಯ ಮುಖ ಬಿಗಿಯುತ್ತದೆ. “ಸತ್ತವರ ಹೆಸರಲ್ಲಿ ಕೊಟ್ಟ ನೀರಪ್ಪ ಅದು. ನಮಾಜಿಗೆ ಬಂದವರು ನಲ್ಲಿ ತಿರುಗಿಸಿ ಬರಿಗೈಲಿ ನಿಲ್ಬೇಕಾ? ನಿಲ್ಸಲ್ಲ.”

“ನನಗಿಂತ ನೀರೇ ಹೆಚ್ಚಾಯ್ತಾ ನಿಮಗೆ?” ಸೆಕಾರ್ ದನಿ ಒಡೆಯುತ್ತದೆ.

“ನಿಮ್ಮಜ್ಜ ಇದ್ದಿದ್ರೆ ನೀರೂ ಕೊಡ್ತಿದ್ರು, ನಿನ್ನನ್ನ ಪರೀಕ್ಷೆಗೂ ಕೂರಿಸ್ತಿದ್ರು. ಇಷ್ಟು ದೂರ ಬಂದಿರೋ ಇವ್ನು ಯಾತಕ್ಕಿದಾನೆ?”

ವಾಗಿಯೊ ಬೈಕ್ ಹತ್ತುತ್ತಾರೆ. ಅಂಗಡಿ ಬಾಗಿಲು ತೆಗೆಯುವುದು ಎಂಟಕ್ಕೆ. ಮೂವತ್ತು ಮೀಟರ್ ದಪ್ಪ ವೈರು ತಂದು, ಮೀಟರ್ ಪೆಟ್ಟಿಗೆಯಿಂದ ಹೆಂಚಿನ ಮೇಲೆ ಮಂಡಿಯೂರಿ ಪಂಪಿನ ತನಕ ಬೇರೆಯೇ ದಾರಿ ಎಳೆಯುತ್ತಾರೆ. ಒಂದು ಹೆಂಚು ಒಡೆಯುತ್ತದೆ. ಬೆವರು ಕಣ್ಣಿಗಿಳಿಯುತ್ತದೆ. ಕೆಳಗಿನಿಂದ ಸೆಕಾರ್ ಹತ್ತು ನಿಮಿಷಕ್ಕೊಮ್ಮೆ ಗಂಟೆ ಹೇಳುತ್ತಾಳೆ, ಬೇಡವೆಂದರೂ ಕೇಳುವುದಿಲ್ಲ. ಕೆಲಸ ಮುಗಿದಾಗ ಹನ್ನೊಂದಕ್ಕೆ ಇನ್ನು ಆರೇ ನಿಮಿಷ. ಒಂದೇ ಒಂದು ನಲ್ಲಿ ತಿರುಗಿಸಿ ನೋಡಲು ಸಮಯ ಸಿಕ್ಕಿತು. ಕಂಪ್ಯೂಟರ್ ತಡೆದುಕೊಂಡಿತು. ಎಂಟೂ ಒಟ್ಟಿಗೆ ತಿರುಗಿದರೆ ಏನಾದೀತೋ ಅವರಿಗೂ ಗೊತ್ತಿಲ್ಲ.

ಇನ್ನೆರಡು ಮನೆಯವರು ಫೋನ್ ಮಾಡುತ್ತಿದ್ದಾರೆ. ವಾಗಿಯೊ ಎತ್ತುವುದಿಲ್ಲ. ಮುಚ್ಚಿದ ಕಿಟಕಿಯ ಹೊರಗೆ, ಗೋಡೆಗೆ ಕಿವಿಯಾನಿಸಿ ನಿಂತಿದ್ದಾರೆ. ಬಾಂಗು ಆಗುತ್ತದೆ. ಚಪ್ಪಲಿ ಬಿಡುವ ಸದ್ದು, ಮಾತು, ಒಂದು ನಲ್ಲಿ, ಇನ್ನೊಂದು, ಆಮೇಲೆ ಲೆಕ್ಕವಿಲ್ಲ. ಪಂಪು ಗುರುಗುಟ್ಟುತ್ತದೆ. ಅವರು ಆ ಬೀಪ್‌ಗಾಗಿ ಕಾಯುತ್ತಾರೆ. ಒಳಗೆ ಕೀಲಿಮಣೆಯ ಟಕಟಕ ನಿಲ್ಲುತ್ತದೆ. ಅವರು ಕಿವಿಯನ್ನು ಗೋಡೆಗೆ ಇನ್ನಷ್ಟು ಒತ್ತುತ್ತಾರೆ. ಹುಡುಗಿ ಯೋಚಿಸುತ್ತಿದ್ದಳೋ ಏನೋ, ಟಕಟಕ ಮತ್ತೆ ಶುರು.

ಒಂದು ಗಂಟೆಗೆ ಬಾಗಿಲು ತೆರೆದು ಸೆಕಾರ್ ಹೊರಗೆ ಬರುತ್ತಾಳೆ. “ಬಾಂಗು ಆಗೋಯ್ತಾ ಮಾಸ್? ನಂಗೆ ಕೇಳಿಸ್ಲೇ ಇಲ್ಲ.”

ವಾಗಿಯೊ ಹೌದೆಂದು ತಲೆಯಾಡಿಸುತ್ತಾರೆ. ಮೆಟ್ಟಿಲ ಮೇಲೆ ಕುಸಿದು, ಅಜ್ಜಿ ಕೊಟ್ಟ ಸಿಹಿ ಟೀಯನ್ನು ಗಟಗಟ ಕುಡಿಯುತ್ತಾರೆ. ಅವರಿಗೂ ಏನಾದರೂ ಆಸೆಯಿದೆಯೇ ಎಂದು ಕೇಳಿದರೆ ನಾಚುತ್ತಾರೆ. “ಕೆಟ್ಟ ಮೇಲೆ ಎಲ್ರೂ ಕರೀತಾರೆ. ಮನೆ ಕಟ್ಟೋವಾಗ, ವೈರ್ ಎಳೆಯೋ ಮೊದ್ಲು, ಯಾರಾದ್ರೂ ಒಬ್ರು ಕರೀಲಿ. ಅಷ್ಟೇ.”

ಅಜ್ಜಿ ಇನ್ನೂ ಅಲ್ಲೇ ನಿಂತಿದ್ದಾರೆ. “ಹಾಗಾದ್ರೆ ಆರಿಸ್ತಿದ್ದದ್ದು ಅವರಲ್ವಾ?”

“ಅಲ್ಲ ಸಿಂಬಾಹ್.” ವಾಗಿಯೊ ಲೋಟ ಕೆಳಗಿಡುತ್ತಾರೆ. “ನೀರು ಮಾತ್ರ ಅವರದೇ.”

“ಹೋಗು ಮತ್ತೆ,” ಅಜ್ಜಿ ಮಸೀದಿಯ ನಲ್ಲಿಗಳತ್ತ ಕೈ ತೋರಿಸುತ್ತಾರೆ. “ ನಿನ್ನ ನಮಾಜು ಇನ್ನೂ ಆಗಿಲ್ಲ. ಮುಖ ತೊಳ್ಕೊ.”