ದೊಡ್ಡಮದರ್ ಅಂಗಿಯ ಕೊನೆಯ ತುಂಡು

ಕನ್ಯಾಮಠ ಸೇರಿ ಸನ್ಯಾಸಿನಿಯಾಗುತ್ತೇನೆ ಎಂದು ಸೂಜಿಯಮ್ಮ ಹಟ ಹಿಡಿದ ದಿನ ಅವಳ ಮನೆಯಲ್ಲಿ ಯಾರೂ ಅಳಲಿಲ್ಲ, ಎಲ್ಲರೂ ನಕ್ಕರು. ಬೆಳಿಗ್ಗೆ ಎಬ್ಬಿಸಿದರೆ ಎಬ್ಬಿಸಿದವರ ಮೇಲೆಯೇ ಹರಿಹಾಯುವ ಹುಡುಗಿ ಕತ್ತಲಿರುವಾಗಲೇ ಎದ್ದು ಪ್ರಾರ್ಥನೆಗೆ ಕೂರುವುದೆಂದರೇನು!

"ಅವಳ ಹಾಸಿಗೆ ಎತ್ತಿಡಬೇಡ್ರೋ, ತಿಂಗಳೊಳಗೆ ಬಂದ್ಬಿಡ್ತಾಳೆ," ಎಂದಳು ತಾಯಿ.

"ತಿಂಗಳು ಯಾಕಮ್ಮ, ಮೊದಲನೇ ಗಂಟೆ ಬಾರಿಸಿದ ಕೂಡ್ಲೇ ವಾಪಸ್," ಎಂದ ಅಣ್ಣ.

ಹಾಸಿಗೆ ವರ್ಷಗಟ್ಟಲೆ ಹಾಗೆಯೇ ಬಿದ್ದಿತ್ತು. ಕೊನೆಗೆ ಅಣ್ಣನ ಮಕ್ಕಳು ಅದರ ಮೇಲೆ ಕುಣಿದು ಹತ್ತಿಯನ್ನೆಲ್ಲ ಹೊರಗೆಳೆದ ಮೇಲೆ, ಅಣ್ಣ ಅದನ್ನು ಹೆಗಲ ಮೇಲೆ ಹೊತ್ತು ಮಠಕ್ಕೇ ತಂದ. "ನೀನಂತೂ ಬರ್ಲಿಲ್ಲ, ಇದಕ್ಕಾದ್ರೂ ಒಂದು ತೇಪೆ ಹಾಕ್ಕೊಡು."

ಮನೆಯವರ ಅಂದಾಜು ಪೂರ್ತಿ ತಪ್ಪೇನೂ ಆಗಿರಲಿಲ್ಲ. ಮಠದ ಯಾವ ಕೆಲಸಕ್ಕೂ ಅವಳು ಒಗ್ಗಲಿಲ್ಲ. ಹಾಡಲು ನಿಲ್ಲಿಸಿದರೆ ತಾನು ದಾರಿ ತಪ್ಪುವುದಲ್ಲದೆ ಅಕ್ಕಪಕ್ಕದವರನ್ನೂ ಜೊತೆಗೆ ಕರೆದುಕೊಂಡು ಹೋಗುತ್ತಿದ್ದಳು. ಅಡುಗೆಮನೆಗೆ ಹಾಕಿದರೆ, ಅಡುಗೆ ಸಿಸ್ಟರ್ ಏಪ್ರನ್ನಿನಲ್ಲಿ ಬಿಚ್ಚಿಕೊಂಡ ಹೊಲಿಗೆಯನ್ನು ನೋಡುತ್ತ ನಿಂತು ಹಾಲನ್ನೆಲ್ಲ ಒಲೆಗೆ ಕುಡಿಸುತ್ತಿದ್ದಳು. ಪ್ರಾರ್ಥನೆಯ ಮಾತಂತೂ ಬೇಡ. ನಮ್ಮ ನಿಮ್ಮ ಹಾಗೆಯೇ ಅವಳಿಗೂ ಕಣ್ಣು ಮುಚ್ಚಿದರೆ ನಿದ್ದೆ. ತೆರೆದರೆ ಕಂಡವರ ಬಟ್ಟೆ. ಇವಳನ್ನು ಮನೆಗೆ ಕಳಿಸುವುದೇ ಲೇಸೆಂದು ಹಿರಿಯ ಸಿಸ್ಟರುಗಳೆಲ್ಲ ಕೂಡಿ ಹೇಳಿದಾಗ, ಆಗಿನ ಮುಖ್ಯಸ್ಥೆ ದೊಡ್ಡಮದರ್ ಅವಳನ್ನು ಕರೆಸಿದರು.

ಈಗ ಊರಿಗೆ ಊರೇ ದೊಡ್ಡಮದರನ್ನು ಸಂತಳೆನ್ನುತ್ತದೆ. ಆಗ ಮಠದೊಳಗೆ ಯಾರಿಗೂ ಹಾಗನ್ನಿಸಿರಲಿಲ್ಲ. ಪಕ್ಕದಲ್ಲೇ ಕೂತು ಉಣ್ಣುವವರ ಸಂತತನ ಕಣ್ಣಿಗೆ ಬೀಳುವುದು ಕಷ್ಟ, ಅವರ ಗೊರಕೆ ಬೇಗ ಕೇಳಿಸುತ್ತದೆ. ದೊಡ್ಡಮದರ್ ಕೂಗಿದರೆ ಕಿಟಕಿಯ ಗಾಜು ನಡುಗುತ್ತಿತ್ತು, ನಕ್ಕರೆ ಬೀದಿಯ ಆಚೆಗೂ ಗೊತ್ತಾಗುತ್ತಿತ್ತು. ದಿನವೂ ಮಾರುಕಟ್ಟೆಯ ಹಿಂದಿದ್ದ ಬಡವರ ಆಸ್ಪತ್ರೆಗೆ ಹೋಗಿ, ಯಾರೂ ಹತ್ತಿರ ಸುಳಿಯದ ಹಾಸಿಗೆಗಳ ಬಳಿ ಕೂತು ಹುಣ್ಣು ತೊಳೆಯುತ್ತಿದ್ದರು. ಕಾಲಿನ ಚಪ್ಪಲಿಯನ್ನು ಯಾವುದೋ ರೋಗಿಗೆ ಕೊಟ್ಟು ಬರಿಗಾಲಲ್ಲಿ ಬಂದು, ನೆಲ ಇಷ್ಟು ತಣ್ಣಗೆ ಯಾಕಿದೆ ಎಂದು ಅಡುಗೆ ಸಿಸ್ಟರ್ ಮೇಲೆ ರೇಗುತ್ತಿದ್ದರು.

"ಏನಮ್ಮ, ಪ್ರಾರ್ಥನೆ ಹೊತ್ತಲ್ಲಿ ಅದೇನು ಹಾಗೆ ಕಣ್ಣು ಬಿಟ್ಕೊಂಡು ನೋಡ್ತಿರ್ತೀಯ?"

"ಫಾದರ್ ಅಂಗಿ ಗುಂಡಿ, ಮದರ್. ಮೇಲಿಂದ ಮೂರನೇದು. ಇವತ್ತೋ ನಾಳೆಯೋ ಅನ್ನೋ ಹಾಗಿದೆ."

ದೊಡ್ಡಮದರ್ ನಕ್ಕ ನಗುವಿಗೆ ಬಾಗಿಲ ಹೊರಗೆ ಕಿವಿಗೊಟ್ಟು ನಿಂತಿದ್ದ ಹಿರಿಯರು ಬೆಚ್ಚಿಬಿದ್ದರು. "ಅಲ್ಲಿ ಕೂತು ಗುಂಡಿ ಕಾಯೋ ಬದಲು, ಗುಂಡಿ ಹೊಲೀತಾ ದೇವರನ್ನ ಕಾಯಿ. ಹೋಗು, ಹೊಲಿಗೆ ಕೋಣೆ ಇನ್ಮೇಲೆ ನಿಂದು."

ಹೀಗೆ ಅವಳು ಸೂಜಿಯಮ್ಮನಾದಳು. ಮಠದ ಪಡಸಾಲೆಯ ಕೊನೆಯ ಆ ಕೋಣೆಯಲ್ಲಿ ಒಂದೇ ಕಿಟಕಿ, ತುಳಿದಾಗಲೆಲ್ಲ ಕೆಮ್ಮುವ ಹೊಲಿಗೆ ಯಂತ್ರ, ಬಾಗಿಲ ಹಿಂದೆ ನೇತುಹಾಕಿದ ತುಂಡುಬಟ್ಟೆಯ ಚೀಲ. ಅಡುಗೆ ಸಿಸ್ಟರ್ ಮೀನಿನ ರೆಕ್ಕೆ ಕತ್ತರಿಸಲು ಒಯ್ಯುತ್ತಾಳೆಂದು ಕತ್ತರಿಯನ್ನು ಮೇಜಿನ ಕಾಲಿಗೆ ದಾರದಿಂದ ಕಟ್ಟಲಾಗಿತ್ತು. ಯಂತ್ರ ತುಳಿಯುತ್ತ ಜಪಕ್ಕೆ ಶುರುಮಾಡಿದರೆ ಅವಳಿಗೆ ನಿದ್ದೆ ಬರುತ್ತಿರಲಿಲ್ಲ, ಮನಸ್ಸು ಓಡುತ್ತಿರಲಿಲ್ಲ. ಯೇಸುವಿನ ಯಾತನೆ ನೆನೆಯುವ ಶುಕ್ರವಾರದ ದುಃಖದ ಜಪಕ್ಕೆ ಹೊಲಿಗೆ ಸ್ವಲ್ಪ ಬಿಗಿಯಾಗುತ್ತಿತ್ತು, ಅಷ್ಟೇ.

ಆ ಮಠದಲ್ಲಿ ಒಂದು ಪದ್ಧತಿಯಿತ್ತು. ಸಿಸ್ಟರೊಬ್ಬರು ತೀರಿಕೊಂಡರೆ ಅವರ ಒಳ್ಳೆಯ ಕಪ್ಪು ನಿಲುವಂಗಿ ಅವರ ಜೊತೆ ಮಣ್ಣಿಗೆ ಹೋಗುತ್ತಿತ್ತು. ಹಳೆಯದು ಹೊಲಿಗೆ ಕೋಣೆಗೆ ಬಂದು, ತುಂಡುತುಂಡಾಗಿ ಚೀಲ ಸೇರಿ, ಇದ್ದವರ ಅಂಗಿಗೆ ತೇಪೆಯಾಗುತ್ತಿತ್ತು. "ನನ್ನ ಮಂಡಿ ಮೇಲೆ ತೋಟದ ಸಿಸ್ಟರ್ ಇದ್ದಾರೆ, ಅದಕ್ಕೇ ಬಗ್ಗಿದಾಗಲೆಲ್ಲ ಕಳೆ ಕೀಳೋಣ ಅನ್ಸುತ್ತೆ," ಎಂದು ಊಟದ ಮನೆಯಲ್ಲಿ ತಮಾಷೆ ಮಾಡುತ್ತಿದ್ದರು.

ದೊಡ್ಡಮದರ್ ಹಾಸಿಗೆ ಹಿಡಿದಾಗ ಸೂಜಿಯಮ್ಮನನ್ನು ಹತ್ತಿರ ಕರೆದರು. "ನನ್ನ ಹಳೇ ಅಂಗಿ ನೋಡಿದ್ಯಾ? ಬೆನ್ನಿನ ಕಡೆ ಇನ್ನೂ ಗಟ್ಟಿಯಾಗಿದೆ. ನೆನಪಿಗೆ ಅಂತ ಪೆಟ್ಟಿಗೇಲಿಟ್ಟು ನುಸಿಗೆ ಊಟ ಹಾಕಿದ್ರೆ, ಮೇಲಿಂದ ಇಳಿದು ಬಂದು ಬೈತೀನಿ, ನೋಡು."

ಸೂಜಿಯಮ್ಮ ಮಾತು ಮೀರಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಕತ್ತರಿ ಹಿಡಿದು ಕೂತಳು. ಅತ್ತೂ ಅತ್ತೂ ಬಟ್ಟೆ ಒದ್ದೆಯಾಗಿ ಕತ್ತರಿ ಓಡಲಿಲ್ಲ. ಎದ್ದು ಇಸ್ತ್ರಿ ಹಾಕಿ ಒಣಗಿಸಿ ಮತ್ತೆ ಕತ್ತರಿಸಿದಳು.

ವರ್ಷಗಳು ಉರುಳಿದವು. ದೊಡ್ಡಮದರ್ ಹುಣ್ಣು ತೊಳೆದವರು, ಅವರ ಮಕ್ಕಳು, ಮೊಮ್ಮಕ್ಕಳು ಸಮಾಧಿಗೆ ಬರುತ್ತಲೇ ಇದ್ದರು. ಅವರ ಮಾತು ಬಿಷಪ್ಪರ ಕಿವಿಗೂ ಬಿತ್ತು. ಸಂತಪದವಿಗೆ ವಿಚಾರಣೆ ಶುರು ಮಾಡೋಣವೆಂದು ಅವರು ಒಬ್ಬ ಫಾದರನ್ನು ಗೊತ್ತುಮಾಡಿದರು.

"ದೊಡ್ಡಮದರ್ ಬಳಸಿದ ವಸ್ತು ಒಂದಾದರೂ ಬೇಕಂತೆ," ಎಂದು ಈಗಿನ ಮದರ್ ಊಟದ ಮನೆಯಲ್ಲಿ ಹೇಳಿದರು. "ಗಾಜಿನ ಪೆಟ್ಟಿಗೇಲಿಟ್ಟು ಮೊಹರು ಹಾಕ್ತಾರಂತೆ. ನಾಳೆನೇ ಬರ್ತಾರೆ."

ಹುಡುಕಾಟ ಶುರುವಾಯಿತು. ಚಪ್ಪಲಿ ರೋಗಿಗಳ ಪಾಲಾಗಿತ್ತು. ಜಪಸರ ಸಾಯುತ್ತಿದ್ದ ಮುದುಕಿಯೊಬ್ಬಳ ಕೈಯಲ್ಲೇ ಮಣ್ಣಿಗೆ ಹೋಗಿತ್ತು. ಕಂಬಳಿ ಯಾರಿಗೆ ಕೊಟ್ಟರೋ ಯಾರಿಗೂ ನೆನಪಿರಲಿಲ್ಲ. "ಹಳೇ ಅಂಗಿ ಇರಬೇಕಲ್ಲ?" ಎಂದರು ಯಾರೋ. ಎಲ್ಲರ ಕಣ್ಣೂ ಸೂಜಿಯಮ್ಮನ ಕಡೆ ತಿರುಗಿತು. ಅವಳ ಕಣ್ಣು ತಟ್ಟೆಯೊಳಗೆ ಹೋಯಿತು.

ಸಿಸ್ಟರುಗಳು ಮೊಣಕೈ ಎತ್ತಿದರು, ಅಂಚು ಮಗುಚಿದರು. ಆದರೆ ಒಗೆದೂ ಒಗೆದೂ ಆ ತೇಪೆಗಳು ಸವೆದು, ತೇಪೆಗೇ ತೇಪೆ ಬಿದ್ದು, ನೆಲ ಒರೆಸಿ ಎಂದೋ ಮುಗಿದುಹೋಗಿದ್ದವು.

"ನನ್ನ ಮೊಣಕೈ ಮೇಲೆ ದೊಡ್ಡಮದರ್ ಅಲ್ವಾ?" ಅಡುಗೆ ಸಿಸ್ಟರ್ ಆಸೆಯಿಂದ ಕೈ ಚಾಚಿದಳು.

"ಅದು ತೋಟದ ಸಿಸ್ಟರ್."

"ಅಯ್ಯೋ ದೇವರೇ! ಇಷ್ಟು ವರ್ಷ ದಿನಾ ಮಲಗೋ ಮುಂಚೆ ಅದಕ್ಕೆ ಮುತ್ತು ಕೊಡ್ತಿದ್ನಲ್ಲೇ!"

ಎಲ್ಲರೂ ನಕ್ಕರು. ಸೂಜಿಯಮ್ಮನಿಗೆ ನಗು ಬರಲಿಲ್ಲ. ತನ್ನನ್ನು ಮನೆಗೆ ಕಳಿಸದೆ ಉಳಿಸಿಕೊಂಡವರಿಗೆ ಸಿಗಬೇಕಾದ ಪದವಿಯನ್ನು ತಾನೇ ಕತ್ತರಿಸಿ ಹಾಕಿದೆನೇ ಎಂಬ ಸಂಕಟ. ಕೋಣೆಗೆ ಹೋಗಿ ಚೀಲವನ್ನು ನೆಲಕ್ಕೆ ಸುರಿದು ಒಂದೊಂದೇ ತುಂಡನ್ನು ಬೆಳಕಿಗೆ ಹಿಡಿದಳು. ತಳದಲ್ಲಿ ಅಂಗೈ ಅಗಲದ ತುಂಡೊಂದು ಸಿಕ್ಕಿತು. ಆಸ್ಪತ್ರೆಯ ಏಪ್ರನ್ನಿನ ಪಟ್ಟಿ ಬೆನ್ನ ಮೇಲೆ ಹಾಯುತ್ತಿದ್ದ ಕಡೆ ಬಣ್ಣ ಮಾಸದೆ ಉಳಿದ ಗೆರೆ ಅದರಲ್ಲಿತ್ತು. ಅದೇ! ಅವಳು ಅದಕ್ಕೆ ಇಸ್ತ್ರಿ ಹಾಕಿ, ಬೇಗ ಕೈಗೆ ಸಿಗಲೆಂದು ಹೊಲಿಗೆಯ ಬುಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟಳು.

ಮರುದಿನ ಬಂದ ಫಾದರ್ ಸಣಕಲು ಮೈಯ, ಸಂಕೋಚದ ಮನುಷ್ಯ. ಒಳಗೆ ಬರುವಾಗಲೇ ಗೇಟಿನ ಚಿಲಕ ಅವರ ಕಪ್ಪು ಅಂಗಿಯ ಮೊಣಕೈಯನ್ನು ಕಚ್ಚಿ ಹಿಡಿದು ಹರಿದೇ ಬಿಟ್ಟಿತು.

"ಸೂಜಿಯಮ್ಮ, ಬೇಗ ಒಂದು ಕೈ ನೋಡಿ," ಎಂದರು ಮದರ್.

ಫಾದರ್ ಅಂಗಿ ಕಳಚಿಕೊಟ್ಟು ಶರಟಿನಲ್ಲಿ ಮುದುಡಿ ಕೂತರು. ಸೂಜಿಯಮ್ಮ ಓಡಿದಳು, ದೊಡ್ಡಮದರ್ ಕೆಲಸ ಸುಸೂತ್ರವಾಗಲಿ ಎಂದು ಜಪಿಸುತ್ತ ಹೊಲಿದಳು, ಓಡಿ ಬಂದು ಕೊಟ್ಟಳು. ಫಾದರ್ ತೊಟ್ಟುಕೊಂಡು, "ಹರಿದದ್ದೇ ಗೊತ್ತಾಗಲ್ಲ," ಎಂದು ಮೆಚ್ಚಿ, ಮೇಜಿನ ಮೇಲೆ ಮೊಣಕೈ ಊರಿದರು. "ಸರಿ, ಆ ವಸ್ತು ತನ್ನಿ ಸಿಸ್ಟರ್."

ಸೂಜಿಯಮ್ಮ ಹೆಮ್ಮೆಯಿಂದ ಹೋಗಿ ಬುಟ್ಟಿಗೆ ಕೈ ಹಾಕಿದಳು. ತುಂಡು ಇರಲಿಲ್ಲ. ಬುಟ್ಟಿ ಬೋರಲು ಹಾಕಿದಳು, ಯಂತ್ರದ ಕೆಳಗೆ ತೂರಿದಳು. ಆಮೇಲೆ ಹೊಳೆಯಿತು. ಅವಳ ಕೈ ತಲೆಯನ್ನು ಕೇಳಿ ಕೆಲಸ ಮಾಡುವುದನ್ನು ಎಂದೋ ಬಿಟ್ಟಿತ್ತು. ಹರಿದ ಅಂಗಿ ಕಂಡಿತು, ಮೇಲಿದ್ದ ತುಂಡು ಸಿಕ್ಕಿತು, ಹೊಲಿದುಬಿಟ್ಟಿತು.

ಚೀಲದಲ್ಲಿ ತೋಟದ ಸಿಸ್ಟರ್ ಅಂಗಿಯ ತುಂಡಿನ್ನೂ ಇತ್ತು. ಅದೂ ಕಪ್ಪು, ಇದೂ ಕಪ್ಪು, ಯಾರಿಗೆ ಗೊತ್ತಾಗುತ್ತೆ? ಅವಳು ಅದನ್ನು ಕೈಗೆತ್ತಿಕೊಂಡೂಬಿಟ್ಟಳು. ಆದರೆ ತೋಟದ ಸಿಸ್ಟರ್ ಬದುಕಿದ್ದಾಗ ಯಾರಾದರೂ ಹೊಗಳಿದರೆ ಗಿಡದ ಹಿಂದೆ ಅಡಗುತ್ತಿದ್ದವಳು. ಅವಳನ್ನು ಗಾಜಿನ ಪೆಟ್ಟಿಗೆಯಲ್ಲಿ ಕೂರಿಸಿದರೆ, ಪಾಪ, ಎಲ್ಲಿ ಅಡಗಿಯಾಳು? ಇನ್ನು ದೊಡ್ಡಮದರ್ ಮೇಲಿಂದ ಬಂದು ಬೈಯುವ ದಿನವಿದ್ದರೆ ಅದು ಇವತ್ತೇ. ತುಂಡನ್ನು ಚೀಲಕ್ಕೆ ಹಾಕಿ, ಬರಿಗೈಯಲ್ಲಿ ಹೋಗಿ ನಿಂತಳು.

"ಎಲ್ಲಿ ಸಿಸ್ಟರ್?"

"ಇಲ್ಲೇ ಇದೆ ಫಾದರ್." "ನೀವು ಅದರ ಮೇಲೇ ಊರ್ಕೊಂಡು ಕೂತಿದ್ದೀರ."

ಮೇಜು ಕಾದ ಹೆಂಚಾಯಿತೇನೋ ಎಂಬಂತೆ ಫಾದರ್ ಮೊಣಕೈ ಎತ್ತಿದರು. ಎತ್ತಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಹಾಗೆಯೇ ಗಾಳಿಯಲ್ಲಿ ಹಿಡಿದರು. ಮದರ್ ಮುಖ ಬಿಳಿಚಿತು. ಬಾಗಿಲ ಬಳಿ ನಿಂತಿದ್ದ ಅಡುಗೆ ಸಿಸ್ಟರ್ ಮಾತ್ರ ಬಾಯಿಗೆ ಸೆರಗಿನಂತೆ ಏಪ್ರನ್ ಒತ್ತಿಕೊಂಡರೂ ನಗು ಪಕ್ಕದಿಂದ ನುಸುಳಿತು. ಅದು ಫಾದರಿಗೂ ತಗುಲಿತು. ಅವರು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು, ಕೈಯನ್ನು ಮಾತ್ರ ಇಳಿಸಲಿಲ್ಲ.

"ಹಾಗಾದ್ರೆ ಆಕೆ ಏನನ್ನೂ ಬಿಟ್ಟುಹೋಗಿಲ್ಲ ಅಂತ ಬಿಷಪ್ಪರಿಗೆ ಹೇಳ್ಲಾ?"

"ಹಾಗನ್ಬೇಡಿ ಫಾದರ್," ಸೂಜಿಯಮ್ಮ ಅಳುತ್ತಲೇ ಅಂದಳು. "ಬಿಟ್ಟುಹೋಗಿದ್ದನ್ನೆಲ್ಲ ನಾವು ಬಳಸಿ ಮುಗಿಸಿದ್ವಿ ಅನ್ನಿ."

ಫಾದರ್ ನಗು ನಿಲ್ಲಿಸಿ ಅವಳನ್ನು ನೋಡಿದರು. "ಇದಕ್ಕಿಂತ ಒಳ್ಳೇ ಸಾಕ್ಷಿ ನನಗೆ ಬೇರೆ ಎಲ್ಲೂ ಸಿಗಲ್ಲ ಸಿಸ್ಟರ್," ಎಂದು ಮತ್ತೆ ಅಂಗಿ ಕಳಚಿಕೊಟ್ಟರು.

ಅವಳು ಉಸಿರು ಬಿಗಿಹಿಡಿದು ತೇಪೆ ಬಿಚ್ಚಿದಳು. ಖಾಲಿಯಾದ ತೂತಿಗೆ ಬೇರೆ ತುಂಡು ಬೇಕಲ್ಲ. ಚೀಲಕ್ಕೆ ಮತ್ತೆ ಕೈ ಹಾಕುವ ಧೈರ್ಯವಾಗದೆ ತನ್ನ ಅಂಗಿಯ ಒಳ ಅಂಚನ್ನೇ ಕತ್ತರಿಸಿ ಹೊಲಿದಳು.

"ಬಿಷಪ್ಪರ ಮನೆಗೆ ಸವಾರಿ ಹೊರಡ್ತಲ್ಲ ಸೂಜಿಯಮ್ಮ, ಫಾದರ್ ಮೊಣಕೈ ಮೇಲೆ!" ಎಂದು ಅಡುಗೆ ಸಿಸ್ಟರ್ ಅವತ್ತಿನಿಂದ ಸಿಕ್ಕಿದಾಗಲೆಲ್ಲ ಕಾಡುತ್ತಾಳೆ. ಸೂಜಿಯಮ್ಮ ಕತ್ತರಿ ಕೊಡುವುದಿಲ್ಲವೆಂದು ಹೆದರಿಸುತ್ತಾಳೆ.

ವಿಚಾರಣೆ ಇನ್ನೂ ನಡೆಯುತ್ತಿದೆ. ಸ್ವರ್ಗದಲ್ಲಿ ಎಂದೋ ಮುಗಿದಿರಬೇಕು, ಕಚೇರಿಗಳೇ ನಿಧಾನ. ಗಾಜಿನ ಪೆಟ್ಟಿಗೆ ನೋಡಲು ಮಠದವರೆಲ್ಲ ಒಮ್ಮೆ ಒಟ್ಟಾಗಿ ಬಿಷಪ್ಪರ ಮನೆಗೆ ಹೋದರು. ಎಲ್ಲರೂ ಮಂಡಿಯೂರಿ ಕಣ್ಣು ಮುಚ್ಚಿದರು. ಸೂಜಿಯಮ್ಮ ಗಾಜಿಗೆ ಮೂಗು ತಾಗುವಷ್ಟು ಬಗ್ಗಿದಳು. ತುಂಡಿನ ಸುತ್ತ ಅವಳ ಸೂಜಿಯ ತೂತುಗಳ ಸಾಲು. ಅವಸರದ ಹೊಲಿಗೆ, ಒಂದು ಮೂಲೆಯಲ್ಲಿ ಸೊಟ್ಟ.

"ಗೊತ್ತಿದ್ರೆ ಸ್ವಲ್ಪ ಸಣ್ಣ ಹೊಲಿಗೆ ಹಾಕ್ತಿದ್ದೆ ಮದರ್," ಎಂದು ಗಾಜಿಗೆ ಪಿಸುಗುಟ್ಟಿದಳು. ಆಮೇಲೆ ತಾನೂ ಮಂಡಿಯೂರಿ ಕಣ್ಣು ಮುಚ್ಚಿದಳು. ನಿದ್ದೆ ಬರುವಂತಾಗಿ ತೆರೆದರೆ, ಎದುರಿಗೆ ಪ್ರಾರ್ಥನೆಗೆ ನಿಂತ ಫಾದರ್ ಅಂಗಿಯ ಗುಂಡಿಯೊಂದು ಒಂದೇ ಎಳೆಯಲ್ಲಿ ನೇತಾಡುತ್ತಿತ್ತು. ಸೂಜಿಯಮ್ಮನ ಮುಖ ಅರಳಿತು. ಬೇಗಬೇಗ ಶಿಲುಬೆಯ ಗುರುತು ಮಾಡಿಕೊಂಡು, ತೋಳಿಗೆ ಸಿಕ್ಕಿಸಿಕೊಂಡಿದ್ದ ಸೂಜಿಗಾಗಿ ತಡಕಾಡಿದಳು.