ತೇಲಿದ ಎಂಟು ಮೊಟ್ಟೆ

ಎಂಟು ಮೊಟ್ಟೆಗಳನ್ನು ನನ್ನ ಕೈಯಾರೆ ಹಸಿ ಕಸದ ಬಕೆಟ್‌ಗೆ ಹಾಕಿ, ಮಾರನೇ ಬೆಳಿಗ್ಗೆ ಕಸದ ಗಾಡಿಗೆ ಕೊಟ್ಟು ಬಂದೆ. ಬಂದವಳೇ ಕೈ ತೊಳೆದುಕೊಂಡು ಕಾಫಿ ಕುಡಿದೆ.

ಮೊಟ್ಟೆ ನಮ್ಮವಲ್ಲ. ಹಿನಕಲ್‌ನಲ್ಲಿ ನಮ್ಮ ಬಾಡಿಗೆ ಮನೆಯ ಪಕ್ಕದ ಕೆಂಪಮ್ಮಜ್ಜಿಯವು. ಸುತ್ತ ಮೂರಂತಸ್ತಿನ ಮನೆಗಳು ಎದ್ದರೂ ಅಜ್ಜಿ ಹಿತ್ತಲು ಬಿಟ್ಟುಕೊಟ್ಟಿಲ್ಲ, ನಾಟಿ ಕೋಳಿ ಸಾಕುವುದನ್ನೂ ಬಿಟ್ಟಿಲ್ಲ.

ಬಿಟ್ಟಿರಲಿಲ್ಲ, ಅನ್ನಬೇಕು...

ಈ ಬೇಸಿಗೆಯಲ್ಲಿ ಕೋಳಿಗಳಿಗೆ ಕೊಕ್ಕರೆ ರೋಗ ಬಂತು. ಒಂದೇ ವಾರದಲ್ಲಿ ಹುಂಜ, ಹೇಂಟೆ, ಮರಿ ಎಲ್ಲವೂ ಕತ್ತು ತಿರುಚಿಕೊಂಡು ಸತ್ತವು. ಉಳಿದದ್ದು ಬೂದಿ ಬಣ್ಣದ ಒಂದು ಹೇಂಟೆ, ಮತ್ತೆ ರೋಗ ಬರುವ ಮುಂಚೆ ಎತ್ತಿಟ್ಟಿದ್ದ ಒಂದು ಡಜನ್ ಮೊಟ್ಟೆ.

ಅಜ್ಜಿಯ ಮದುವೆಯಲ್ಲಿ ಅವರ ತಾಯಿ ಒಂದು ಜೋಡಿ ಕೋಳಿಯನ್ನು ಬಳುವಳಿ ಕೊಟ್ಟಿದ್ದರಂತೆ. ಅವತ್ತಿನಿಂದ ಅದೇ ತಳಿ. ಅಜ್ಜಿ ಯಾವತ್ತೂ ‘ನಮ್ಮ ಕೋಳಿ’ ಅಂದವರಲ್ಲ, ‘ನಮ್ಮವ್ವನ ಕೋಳಿ’ ಅಂತಲೇ ಅನ್ನೋರು. ಹುಂಜವೇ ಹೋದ ಮೇಲೆ ಆ ತಳಿ ಉಳಿಯಬೇಕಾದರೆ ಆ ಮೊಟ್ಟೆಗಳೇ ಗತಿ.

ಪುಣ್ಯಕ್ಕೆ ಉಳಿದ ಹೇಂಟೆ ಕಾವಿಗೆ ಬಂದಿತ್ತು. ಅಜ್ಜಿ ಬುಟ್ಟಿಗೆ ಹುಲ್ಲು ಹಾಸಿದರು. ಬೆಸ ಸಂಖ್ಯೆಯೇ ಆಗಬೇಕು ಅಂತ ಹನ್ನೆರಡರಲ್ಲಿ ಒಂದನ್ನು ತೆಗೆದು, ಗುಡುಗಿಗೆ ಕೆಡದಿರಲಿ ಅಂತ ಒಂದು ಕಬ್ಬಿಣದ ಚೂರು ಇಟ್ಟು, ಹೇಂಟೆಯನ್ನು ಕೂರಿಸಿದರು.

ಅಷ್ಟರಲ್ಲಿ ಕಣ್ಣಿನ ಪೊರೆ ಆಪರೇಷನ್‌ಗೆ ಡೇಟ್ ಬಂತು. ಮರಿ ಆಗಲಿ, ಆಮೇಲೆ ನೋಡೋಣ ಅಂತ ಅಜ್ಜಿ ರಾಗ ಎಳೆದರು. ಉದಯಗಿರಿಯಲ್ಲಿರುವ ಅವರ ಮಗಳು ಕೇಳಲಿಲ್ಲ, ಕಾವಿಗೆ ಕೂರಿಸಿದ ಹದಿನೈದನೇ ದಿನ ಆಟೋ ತಂದು ನಿಲ್ಲಿಸಿಬಿಟ್ಟಳು.

ಹಿತ್ತಲ ಬೀಗದ ಕೈ ನನಗೆ ಕೊಡುತ್ತಾ ಅಜ್ಜಿ ಹೇಳಿದರು. “ಇಪ್ಪತ್ತನೇ ದಿನ ಮೊಟ್ಟೆಯ ಉಗುರುಬೆಚ್ಚಗಿನ ನೀರಲ್ಲಿ ಬುಟ್ಟು ನೋಡವ್ವ. ಒಳ್ಳೇವ್ಯಾವು ಕೆಟ್ಟವ್ಯಾವು ಗೊತ್ತಾಯ್ತದೆ. ಕೆಟ್ಟವ ತೆಗ್ದಾಕ್ಬುಡು. ಅದು ಎಂಗೆ ಅಂದ್ರೆ...”

“ಗೊತ್ತು ಬಿಡಿ ಅಜ್ಜಿ” ಅಂದೆ.

ಆಟೋ ಕಾಯ್ತಿತ್ತು ನಿಜ. ಆದರೆ ಅದು ನೆಪ. ನನಗೆ ಗೊತ್ತಿದೆ ಅಂತಲೇ ನಾನು ನಂಬಿದ್ದೆ. ಇಪ್ಪತ್ತು ವರ್ಷದಿಂದ ಅಡುಗೆಮನೆಯಲ್ಲಿ ಮೊಟ್ಟೆಯನ್ನು ನೀರಿಗೆ ಹಾಕಿ ನೋಡಿಯೇ ಬೇಯಿಸುವವಳು ನಾನು. ಮುಳುಗಿದರೆ ತಾಜಾ, ತೇಲಿದರೆ ಕೊಳೆತದ್ದು. ಬೀದಿಯ ಅರ್ಧ ಹೆಣ್ಣುಮಕ್ಕಳಿಗೆ ಇದನ್ನು ಹೇಳಿಕೊಟ್ಟು ಬೀಗಿದವಳು. ಜಂಭದ ಕೋಳಿ ಅನ್ನುತ್ತಾರಲ್ಲ, ಆ ಹಿತ್ತಲಲ್ಲಿ ಅದು ನಾನೇ.

ಇಪ್ಪತ್ತನೇ ದಿನ ಸಂಜೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಸ್ಟೀಲ್ ಬೇಸನ್ ಇಟ್ಟೆ. ಹೇಂಟೆ ಕೈ ಕುಕ್ಕಿ ಕುಕ್ಕಿ ರಕ್ತ ಬರಿಸಿತು. ಬೈದುಕೊಂಡೇ ಮೊಟ್ಟೆ ತೆಗೆದು ನೀರಿಗೆ ಬಿಟ್ಟೆ.

ಮೂರು ಮುಳುಗಿದವು. ಎಂಟು ತೇಲಿದವು.

ಅಯ್ಯೋ ಪಾಪ, ಎಂಟು ಕೆಟ್ಟುಹೋದವಲ್ಲ ಅಂತ ನಿಜವಾಗಿಯೂ ಸಂಕಟವಾಯಿತು. ತೇಲಿದವು ಅಲ್ಲೇ ಸಣ್ಣಗೆ ಅಲ್ಲಾಡುತ್ತಿದ್ದವು. ಬೇಸನ್ ಅಲ್ಲಾಡಿರಬೇಕು ಅಂದುಕೊಂಡೆ.

ಕಣ್ಣಿಗೆ ಪಟ್ಟಿ ಕಟ್ಟಿಕೊಂಡವರಿಗೆ ಕೆಟ್ಟ ಸುದ್ದಿ ಯಾಕೆ ಅಂತ ಫೋನ್ ಕೂಡ ಮಾಡಲಿಲ್ಲ. ದೊಡ್ಡ ಕರುಣಾಮಯಿ!

ಮುಳುಗಿದ ಮೂರನ್ನು ವಾಪಸ್ ಇಟ್ಟೆ. ಇಪ್ಪತ್ತೊಂದಕ್ಕೆ ಮರಿ ಆಗಬೇಕಿತ್ತು. ಇಪ್ಪತ್ತೊಂದಾಯಿತು, ಇಪ್ಪತ್ತೆರಡಾಯಿತು, ಇಪ್ಪತ್ನಾಲ್ಕೂ ಆಯಿತು. ಹೇಂಟೆ ಮೇಲೇಳಲಿಲ್ಲ. ಕಾಳು ಹಾಕಿದರೆ ನೋಡುತ್ತಲೂ ಇರಲಿಲ್ಲ. ತಲೆ ಮೇಲಿನ ಜುಟ್ಟು ಬಿಳಿಚಿಕೊಂಡಿತ್ತು.

ಮಾರನೇ ದಿನ ಅಜ್ಜಿ ಬಂದರು. ಕಪ್ಪು ಕನ್ನಡಕ ಹಾಕಿಕೊಂಡು, ಮನೆ ಬಾಗಿಲು ಕೂಡ ತೆಗೆಯದೆ ನೇರ ಬುಟ್ಟಿಯ ಹತ್ತಿರ ಹೋದರು. ಹೇಂಟೆ ಅವರನ್ನು ಕುಕ್ಕಲಿಲ್ಲ. ಮೂರೂ ಮೊಟ್ಟೆಯನ್ನು ತಡವಿ ನೋಡಿ, ಬೇಸನ್ನಿನಲ್ಲಿ ನೀರು ತಾ ಅಂದರು.

ಮೂರೂ ತಳ ಸೇರಿದವು.

“ಮಿಕ್ಕಿದ್ದೆಲ್ಲವ್ವ?”

“ತೇಲಿದ್ವು ಅಜ್ಜಿ. ತೆಗೆದು ಬಿಸಾಕಿದೆ.”

ಅಜ್ಜಿ ಕನ್ನಡಕ ತೆಗೆದು ನನ್ನ ಮುಖ ನೋಡಿದರು. “ಅಲ್ಲಾಡ್ತಿದ್ವಾ?”

ಹೂಂ ಅಂದೆ.

“ತೇಲಿ ಅಲ್ಲಾಡೋದೇ ಕಣವ್ವ ಜೀವ. ಒಳಗೆ ಮರಿ ಮಿಸುಕಾಡ್ತದೆ. ಮುಳುಗಿದ್ದು ಜೀವ ಇಲ್ದಿದ್ದು.”

ಬೇಸನ್ ಕಲ್ಲಿನ ಮೇಲಿತ್ತು. ಅದು ಅಲ್ಲಾಡಿರಲಿಲ್ಲ. ಅಲ್ಲಾಡಲು ಸಾಧ್ಯವೇ ಇರಲಿಲ್ಲ.

ಅಲ್ಲೇ ಕುಕ್ಕರಿಸಿ ಅತ್ತೆ. ಅಜ್ಜಿ ಉಗಿದಿದ್ದರೆ ಎಷ್ಟೋ ಸಮಾಧಾನ ಆಗುತ್ತಿತ್ತು. ಅವರು ನನ್ನ ತಲೆ ಮೇಲೆ ಕೈ ಇಟ್ಟು ಹೇಳಿದ್ದಿಷ್ಟೇ. “ಏಳವ್ವ, ಅಳ್ಬೇಡ. ಕಣ್ಣಲ್ಲಿ ನೀರು ಬರ್ಬಾರ್ದು ಅಂದವ್ರೆ ಡಾಕ್ಟ್ರು. ನೀನತ್ರೆ ನಂಗೂ ಬತ್ತದೆ.”

ಖಾಲಿ ಬುಟ್ಟಿ ಬಿಟ್ಟು ಏಳಲು ಹೇಂಟೆಗೆ ಇನ್ನೂ ಮೂರು ದಿನ ಬೇಕಾಯಿತು.

ಎಲ್ಲಿಂದಾದರೂ ಒಂದು ನಾಟಿ ಹುಂಜ ತಂದುಕೊಡುತ್ತೇನೆ ಅಂದೆ. “ತರ್ಬೋದು. ಅದು ನಮ್ಮವ್ವನ ಕೋಳಿ ಆಗಕಿಲ್ವಲ್ಲ” ಅಂದರು ಅಜ್ಜಿ.

ಈಗ ಹೇಂಟೆ ಮತ್ತೆ ಮೊಟ್ಟೆ ಇಡುತ್ತಿದೆ. ಅಜ್ಜಿ ಕಾಂಪೌಂಡ್ ಮೇಲಿಂದ ಒಂದೊಂದೇ ನನ್ನ ಕೈಗೆ ಕೊಡುತ್ತಾರೆ. “ತಿನ್ನವ್ವ. ಹುಂಜ ಇಲ್ದಿದ್ದು, ಇದ್ರಲ್ಲಿ ಏನೂ ಇಲ್ಲ. ನೀರಿಗಾಕಿ ನೋಡೋದೂ ಬ್ಯಾಡ.”

ಅದು ಚುಚ್ಚು ಮಾತಲ್ಲ, ನನಗೆ ಗೊತ್ತು. ಅದಕ್ಕೇ ಇನ್ನೂ ಚುಚ್ಚುತ್ತದೆ. ಫ್ರಿಜ್‌ನಲ್ಲಿ ಆರು ಮೊಟ್ಟೆ ಹಾಗೇ ಇವೆ, ಬೇಯಿಸಲು ಕೈ ಬರುತ್ತಿಲ್ಲ...

ನೀವು ಯಾರ ಮಾತನ್ನು “ಗೊತ್ತು ಬಿಡಿ” ಅಂತ ಅರ್ಧಕ್ಕೇ ನಿಲ್ಲಿಸಿದ್ದೀರಿ?